ಕಲ್ನಾರು ಟೆಸ್ಟ್ ಕಿಟ್: ಪೊಟ್ಟಣ ಚೆನ್ನಾಗಿದೆ, ವರದಿ ಅರ್ಧಂಬರ್ಧ

ಶೆಡ್ಡಿನ ಹಳೇ ಶೀಟು ಒಡೆದಿತ್ತು. ಒಳಗಿನ ಕೋಣೆಯ ಹಳೇ ವಿನೈಲ್ ಟೈಲ್ಸ್ ಕೀಳಬೇಕಿತ್ತು. ಎರಡರಲ್ಲೂ ಕಲ್ನಾರು, ಅಂದ್ರೆ ಆಸ್ಬೆಸ್ಟಾಸ್, ಇದೆಯೋ ಇಲ್ಲವೋ ಗೊತ್ತಾಗದೆ ಕೈ ಹಾಕುವುದು ಬೇಡ ಅಂತ ಅಂಚೆಯಲ್ಲಿ ಬರುವ ಟೆಸ್ಟ್ ಕಿಟ್ ತರಿಸಿದೆ. ಚೂರು ತೆಗೆದು ಕಳಿಸಿದರೆ ಲ್ಯಾಬಿನವರು ನೋಡಿ ವರದಿ ಕೊಡುತ್ತಾರೆ. ಕಂಪನಿ ಹೆಸರು ಬರೆಯುತ್ತಿಲ್ಲ, ಕಿಟ್ ಹೇಗಿತ್ತು ಅಂತ ಮಾತ್ರ ಹೇಳುತ್ತೇನೆ.

ಮೊದಲು ಒಳ್ಳೆಯದು. ಸ್ಪ್ರೇ ಬಾಟಲಿ, ಕೈಗವಸು, ಜಿಪ್ ಕವರ್, ಟೇಪು ಎಲ್ಲಾ ಇತ್ತು. ಸೂಚನೆಯೂ ಸರಿಯಾಗಿತ್ತು: ನೀರಿಗೆ ಒಂದು ಹನಿ ಸೋಪು ಹಾಕಿ ಜಾಗ ನೆನೆಸಿ, ಉಗುರಿನಷ್ಟು ಚೂರು ಮುರಿದು, ಮುರಿದ ಅಂಚಿಗೆ ಟೇಪು ಹಚ್ಚಿ, ಚೂರನ್ನು ಎರಡು ಕವರಿನೊಳಗೆ ಹಾಕಿ. ಒಣ ಪೊರಕೆ ಬೇಡ, ಮನೆಯ ವ್ಯಾಕ್ಯೂಮ್ ಕ್ಲೀನರಂತೂ ಬೇಡವೇ ಬೇಡ, ಅದು ಕಲ್ನಾರಿನ ಸಣ್ಣ ಎಳೆಗಳನ್ನು ಕೋಣೆಗೆಲ್ಲಾ ಹರಡುತ್ತದೆ. ಆದರೆ ಮಾಸ್ಕ್ ನೋಡಿ ನಗು ಬಂತು. ಆಪರೇಷನ್ ಕೋಣೆಯಲ್ಲಿ ಹಾಕುವ ತೆಳು ಮಾಸ್ಕ್! ಇದಕ್ಕೆ ಬೇಕಾದ್ದು ಮುಖಕ್ಕೆ ಬಿಗಿಯಾಗಿ ಕೂತು ಸಣ್ಣ ಧೂಳನ್ನೂ ತಡೆಯುವ, ಎಫ್‌ಎಫ್‌ಪಿ3 ಅಥವಾ ಪಿ100 ದರ್ಜೆಯ ಮಾಸ್ಕ್. ಅದನ್ನು ಬೇರೆ ಕೊಂಡೆ.

ವರದಿ ಬೇಗ ಬಂತು. ಶೀಟಿನಲ್ಲಿ ಕ್ರೈಸೊಟೈಲ್, ಅಂದ್ರೆ ಬಿಳಿ ಕಲ್ನಾರು. ಅದು ಊಹಿಸಿದ್ದೇ. ಟೈಲ್ಸ್ ಮುಂದೆ ಮಾತ್ರ ‘ಕಂಡುಬಂದಿಲ್ಲ’ ಅಂತಿತ್ತು. ಖುಷಿಯಾಗಿ ಉಳಿ ಸುತ್ತಿಗೆ ಹುಡುಕುತ್ತಿದ್ದೆ, ಸುಮ್ನೆ ಕಣ್ಣಾಡಿಸಿದಾಗ ಕೆಳಗಿನ ಇರುವೆ ಸಾಲಿನಂಥ ಅಕ್ಷರ ಕಂಡಿತು: ‘ವಿಧಾನ: ಪಿಎಲ್‌ಎಂ’.

ಇಲ್ಲೇ ಇರುವುದು ವಿಷಯ. ಪಿಎಲ್‌ಎಂ ಅಂದರೆ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕ. ಸಿಮೆಂಟ್ ಶೀಟಿನಂಥದ್ದರಲ್ಲಿ ಎಳೆಗಳು ಕಟ್ಟುಕಟ್ಟಾಗಿ ಇರುತ್ತವೆ, ಅಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಬೆಳಕಿಗೆ ತನ್ನದೇ ಮಿತಿ ಇದೆ, ಸುಮಾರು 0.2 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಣ್ಣದನ್ನು ಅದು ಬಿಡಿಸಿ ತೋರಿಸಲಾರದು, ಕ್ರೈಸೊಟೈಲಿನ ಒಂದೊಂದು ಒಂಟಿ ಎಳೆಯೋ ಅದಕ್ಕಿಂತ ಎಷ್ಟೋ ಪಟ್ಟು ತೆಳು. ವಿನೈಲ್ ಟೈಲ್ಸ್ ಮಾಡುವಾಗ ಎಳೆಗಳನ್ನು ನುಣ್ಣಗೆ ಪುಡಿ ಮಾಡಿ ಬೆರೆಸುತ್ತಿದ್ದರು, ಜೊತೆಗೆ ಟೈಲ್ಸಿನ ಪ್ಲಾಸ್ಟಿಕ್ಕೇ ಅವನ್ನು ಮುಚ್ಚಿಕೊಂಡಿರುತ್ತದೆ. ಹಾಗಾಗಿ ಇಂಥ ಟೈಲ್ಸ್‌ನಲ್ಲಿ ಪಿಎಲ್‌ಎಂ ಇದ್ದದ್ದನ್ನು ಇಲ್ಲ ಅನ್ನುವುದು ಈ ಕೆಲಸದವರಿಗೆಲ್ಲ ಗೊತ್ತಿರುವ ಸಂಗತಿ. ಕಿಟ್ಟಿನ ಯಾವ ಕಾಗದದಲ್ಲೂ ಅದರ ಸುಳಿವಿಲ್ಲ!

ಕೇಳಿದ್ದಕ್ಕೆ ‘ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಪರೀಕ್ಷೆ ಇದೆ, ಅದಕ್ಕೆ ಬೇರೆ ಹಣ’ ಅಂದರು. ಕೊಟ್ಟೆ. ಚೂರನ್ನು ಕುಲುಮೆಯಲ್ಲಿ ಸುಟ್ಟು ಪ್ಲಾಸ್ಟಿಕ್ ಕಳೆದು, ಆಸಿಡ್‌ನಲ್ಲಿ ಸುಣ್ಣದ ಅಂಶ ಕರಗಿಸಿ, ಉಳಿದದ್ದನ್ನು ನೋಡುತ್ತಾರೆ. ಸಿಕ್ಕಿತು, ಅದೇ ಕ್ರೈಸೊಟೈಲ್. ಫಾರ್ಮಿನಲ್ಲಿ ‘ವಿನೈಲ್ ಟೈಲ್ಸ್’ ಅಂತ ನಾನೇ ಬರೆದಿದ್ದೆ, ಮೊದಲೇ ಒಂದು ಮಾತು ಹೇಳಬಹುದಿತ್ತು ಅಲ್ವಾ?

ಇನ್ನೊಂದು ಸಿಟ್ಟು ಬಂದದ್ದು ಕಿಟ್ಟಿನ ಕರಪತ್ರದ ಮೇಲೆ. ‘ಬಿಳಿ ಕಲ್ನಾರು ಅಷ್ಟೇನೂ ಅಪಾಯವಲ್ಲ’ ಅಂತೆ. ನೀಲಿ ಮತ್ತು ಕಂದು ಕಲ್ನಾರು, ಅಂದ್ರೆ ಕ್ರೊಸಿಡೊಲೈಟ್ ಮತ್ತು ಅಮೊಸೈಟ್, ಮೆಸೊಥೆಲಿಯೋಮ, ಅಂದ್ರೆ ಶ್ವಾಸಕೋಶ ಮತ್ತು ಹೊಟ್ಟೆಯ ಹೊರಪೊರೆಗೆ ಬರುವ ಕ್ಯಾನ್ಸರ್, ತರುವುದರಲ್ಲಿ ಹೆಚ್ಚು ಕೆಟ್ಟವು ಅನ್ನುವುದು ನಿಜ. 1960ರಲ್ಲಿ ವ್ಯಾಗ್ನರ್ ಎಂಬ ವೈದ್ಯ ಸಂಶೋಧಕ ಮತ್ತು ಜೊತೆಗಾರರು ಈ ಕ್ಯಾನ್ಸರಿನ ದಕ್ಷಿಣ ಆಫ್ರಿಕಾದ 33 ರೋಗಿಗಳ ಬಗ್ಗೆ ಬರೆದರು, ಅವರಲ್ಲಿ ಹೆಚ್ಚಿನವರಿಗೆ ನೀಲಿ ಕಲ್ನಾರಿನ ಗಣಿ ಪ್ರದೇಶದ ನಂಟಿತ್ತು, ಕೆಲವರು ಗಣಿಯಲ್ಲಿ ದುಡಿದವರೇ ಅಲ್ಲ, ಆಸುಪಾಸಿನಲ್ಲಿ ಬದುಕಿದವರು. ಹಾಗಂತ ಬಿಳಿಗೆ ಮಾಫಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಐಎಆರ್‌ಸಿ, ಕಲ್ನಾರಿನ ಆರೂ ಬಗೆಯನ್ನು ಕ್ಯಾನ್ಸರ್ ತರುವುದು ಖಚಿತ ಅನ್ನುವ ಮೊದಲ ಗುಂಪಿನಲ್ಲೇ ಇಟ್ಟಿದೆ. ಶ್ವಾಸಕೋಶದ ಕಸ ತಿನ್ನುವ ಕೋಶಗಳಿಗೆ ಉದ್ದನೆಯ ಎಳೆಯನ್ನು ಪೂರ್ತಿ ನುಂಗಲು ಆಗುವುದಿಲ್ಲ, ಅವು ಹೆಣಗಾಡುತ್ತಲೇ ಉರಿಯೂತ ಉಳಿಯುತ್ತದೆ. ರೋಗ ತಲೆ ಎತ್ತಲು ಸಾಮಾನ್ಯವಾಗಿ 20ರಿಂದ 50 ವರ್ಷ ಬೇಕು. ‘ಇಷ್ಟು ವರ್ಷ ಏನೂ ಆಗಿಲ್ಲವಲ್ಲ’ ಅನ್ನುವವರಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ.

ವರದಿಯಲ್ಲಿ ಹುಡುಕುವುದೂ ಆ ಆರು ಹೆಸರುಗಳನ್ನಷ್ಟೇ, ಇದೂ ತಿಳಿದಿರಲಿ. ಅಮೆರಿಕದ ಲಿಬ್ಬಿ ಊರಿನ ಗಣಿಯಲ್ಲಿ ತೆಗೆದ ವರ್ಮಿಕ್ಯುಲೈಟ್ ಎಂಬ ಖನಿಜದಲ್ಲಿದ್ದ ಎಳೆಗಳಲ್ಲಿ ಹೆಚ್ಚಿನವು ವಿಂಚೈಟ್ ಮತ್ತು ರಿಕ್ಟರೈಟ್ ಎಂಬ ಕಲ್ನಾರಿನಂಥವೇ ಖನಿಜಗಳು, ಪಟ್ಟಿಯಲ್ಲಿ ಅವುಗಳ ಹೆಸರೇ ಇಲ್ಲ, ಆದರೂ ಜನ ಸತ್ತರು.

ಸಿಮೆಂಟ್ ಶೀಟಿಗಾದರೆ ಈ ಕಿಟ್ ತಗೊಳ್ಳಿ, ಮಾಸ್ಕ್ ಮಾತ್ರ ನಿಮ್ಮದೇ ಇರಲಿ. ವಿನೈಲ್ ಟೈಲ್ಸ್, ಅದರ ಕೆಳಗಿನ ಕಪ್ಪು ಅಂಟು ಇಂಥದ್ದಕ್ಕಾದರೆ ಮೊದಲೇ ಎಲೆಕ್ಟ್ರಾನ್ ಪರೀಕ್ಷೆ ಕೇಳಿ, ಎರಡು ಸಲ ಹಣ ಕೊಡುವುದು ತಪ್ಪುತ್ತದೆ. ಐದಕ್ಕೆ ಎರಡೂವರೆ ಸ್ಟಾರ್.

ಶೀಟನ್ನು ತರಬೇತಿ ಇದ್ದವರು ಬಂದು ನೆನೆಸಿ ಬಿಚ್ಚಿಕೊಂಡು ಹೋದರು. ಟೈಲ್ಸ್ ಕೀಳಲಿಲ್ಲ. ಒಂದೂ ಒಡೆದಿರಲಿಲ್ಲ, ಹಾಗಾಗಿ ಮೇಲೆಯೇ ಹೊಸ ನೆಲಹಾಸು ಹಾಕಿಸಿ, ಕೆಳಗೆ ಏನಿದೆ ಅಂತ ಬರೆದು ಎರಡನೇ ವರದಿಯ ಜೊತೆ ಮನೆ ಪತ್ರಗಳ ಫೈಲಿನಲ್ಲಿ ಇಟ್ಟಿದ್ದೇನೆ.