ಲಿಫ್ಟಿನಲ್ಲಿ ಸಿಕ್ಕಿಬಿದ್ದವನಿಗೆ ಊದಿದ ಟ್ರಂಪೆಟ್

ಗ್ರಾಮಫೋನ್ ಪ್ಲೇಟಿನ ಒಂದೇ ಆಲ್ಬಂ ನನ್ನ ಹತ್ತಿರ ಈಗ ಎರಡಿದೆ. ಒಂದು ಕೇಳುವುದಕ್ಕೆ. ಇನ್ನೊಂದು ಗೋಡೆಗೆ ಮೊಳೆ ಹೊಡೆದು ನೇತುಹಾಕುವುದಕ್ಕೆ. ದುಡ್ಡು ಉಳಿಸೋಣ ಅಂತ ಹೋಗಿ ಗೋಡೆಯದನ್ನೇ ಮೊದಲು ಕೊಂಡೆ. ಆ ಕಥೆ ಹೇಳಿದರೆ ನಿಮಗಾದರೂ ಎರಡು ಸಾವಿರ ರೂಪಾಯಿ ಉಳಿದೀತು.

ಆಲ್ಬಂ ಯಾವುದು ಅಂದರೆ, ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಒಂದು ಫ್ರೆಂಚ್ ಸಿನಿಮಾಕ್ಕೆ ಮಾಡಿಕೊಟ್ಟ ಹಿನ್ನೆಲೆ ಸಂಗೀತ. ಸಿನಿಮಾ ಹೆಸರು ‘ಅಸಾಂಸೋರ್ ಪೂರ್ ಲೆಶಾಫೋ’. ಗಲ್ಲುಗಂಬಕ್ಕೆ ಲಿಫ್ಟ್ ಅಂತ ಅರ್ಥ. 1958ರ ಜನವರಿಯಲ್ಲಿ ತೆರೆಕಂಡಿತು. ನಿರ್ದೇಶಕ ಲೂಯಿ ಮಾಲ್‌ಗೆ ಆಗ 25 ವರ್ಷ. ಕಥೆ ನಮ್ಮ ಅಪಾರ್ಟ್‌ಮೆಂಟಿನವರಿಗೆ ಬೇಗ ಅರ್ಥವಾಗುತ್ತದೆ. ಒಬ್ಬ ತನ್ನ ಧಣಿಯನ್ನು ಆಫೀಸಿನಲ್ಲೇ ಕೊಲ್ಲುತ್ತಾನೆ. ಹೊರಗೆ ಬಂದು ನೋಡಿದರೆ ಹತ್ತಲು ಬಳಸಿದ ಹಗ್ಗ ಅಲ್ಲೇ ನೇತಾಡುತ್ತಿದೆ. ಅದನ್ನು ತರೋಣ ಅಂತ ವಾಪಸ್ ಹೋಗಿ ಲಿಫ್ಟ್ ಹತ್ತುತ್ತಾನೆ. ಶನಿವಾರ ಸಂಜೆ. ಕಾವಲುಗಾರ ಮೇನ್ ಸ್ವಿಚ್ ಆರಿಸಿ ಹೊರಟುಬಿಡುತ್ತಾನೆ. ಇತ್ತ ಧಣಿಯ ಹೆಂಡತಿ ಫ್ಲಾರೆನ್ಸ್, ಅಂದರೆ ಇವನ ಪ್ರೇಯಸಿ, ಅವನನ್ನು ಹುಡುಕುತ್ತ ರಾತ್ರಿಯಿಡೀ ಪ್ಯಾರಿಸ್ ಬೀದಿ ಸುತ್ತುತ್ತಾಳೆ. ಆ ಪಾತ್ರ ಝಾನ್ ಮೊರೊದು. ಕ್ಯಾಮೆರಾವನ್ನು ಮಕ್ಕಳ ತಳ್ಳುಗಾಡಿಯಲ್ಲಿ ಇಟ್ಟುಕೊಂಡು, ಅಂಗಡಿಗಳಿಂದ ಬೀಳುವ ಬೆಳಕಿನಲ್ಲೇ ಆ ನಡಿಗೆ ತೆಗೆದರು.

ಮೈಲ್ಸ್ ಆಗ ಸಂಗೀತ ಕಛೇರಿಗಳಿಗೆ ಅಂತ ಪ್ಯಾರಿಸ್‌ಗೆ ಬಂದಿದ್ದ. 1957ರ ಡಿಸೆಂಬರ್ 4ರ ರಾತ್ರಿ ಪೋಸ್ಟ್ ಪಾರಿಸಿಯಾಂ ಸ್ಟುಡಿಯೊದಲ್ಲಿ ದೃಶ್ಯದ ತುಣುಕುಗಳನ್ನು ಪರದೆ ಮೇಲೆ ಮತ್ತೆ ಮತ್ತೆ ಬಿಟ್ಟರು. ಐದು ಜನ ಅದನ್ನು ನೋಡುತ್ತ ನುಡಿಸಿದರು. ಟ್ರಂಪೆಟ್ ಮೈಲ್ಸ್. ಟೆನರ್ ಸ್ಯಾಕ್ಸೊಫೋನ್ ಬಾರ್ನಿ ವಿಲೆನ್, ಇನ್ನೂ 20ರ ಹುಡುಗ. ಪಿಯಾನೊ ರೆನೆ ಉರ್ತ್ರೆಜೆ, ಬಾಸ್ ಪಿಯರ್ ಮಿಶೆಲೊ, ಡ್ರಮ್ಸ್ ಕೆನ್ನಿ ಕ್ಲಾರ್ಕ್. ಬರೆದ ಸಂಗೀತ ಅಂತ ಹೆಚ್ಚೇನೂ ಇರಲಿಲ್ಲ. ಮೈಲ್ಸ್ ಮೊದಲೇ ಯೋಚಿಸಿಟ್ಟ, ಒಟ್ಟಿಗೆ ನುಡಿಸುವ ಸ್ವರಗಳ ನಾಲ್ಕಾರು ಗುಂಪು, ಅಂದರೆ ಕಾರ್ಡ್‌ಗಳು, ಅಷ್ಟೇ. ಒಂದೇ ರಾತ್ರಿಯಲ್ಲಿ ಕೆಲಸ ಮುಗಿಯಿತು.

ಇದನ್ನು ನಾನು ಯಾಕೆ ಕೊಂಡೆ ಅಂದರೆ ಅಪ್ಪನಿಗೋಸ್ಕರ. ಅಪ್ಪ ಮೈಸೂರಿನ ಪೊಲೀಸ್ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದರು. ಈಗ 81. ಹಲ್ಲು ಹೋದ ಮೇಲೆ ಊದುವುದು ನಿಂತಿತು, ಕೇಳುವುದು ನಿಂತಿಲ್ಲ. ದಸರಾ ಪಂಜಿನ ಕವಾಯತು ಟಿವಿಯಲ್ಲಿ ಬಂದರೆ ಸಾಕು, ಬಲಗೈಯ ಮೂರು ಬೆರಳು ತೊಡೆ ಮೇಲೆ ತಾವಾಗಿಯೇ ಏಳುತ್ತವೆ, ಬೀಳುತ್ತವೆ. ನಾನು ಚಿಕ್ಕವನಿದ್ದಾಗ ಮನೆಯಲ್ಲಿ ಅಭ್ಯಾಸ ಮಾಡುವಾಗ ಟ್ರಂಪೆಟ್ಟಿನ ಬಾಯಿಗೆ ಟವೆಲ್ ತುರುಕಿಕೊಳ್ಳುತ್ತಿದ್ದರು, ಪಕ್ಕದ ಮನೆಯವರು ಬೈತಾರೆ ಅಂತ. ಶಬ್ದ ತಗ್ಗಿಸಲು ಟ್ರಂಪೆಟ್ಟಿನ ಬಾಯಿಗೆ ಸಿಕ್ಕಿಸುವ ಮ್ಯೂಟ್ ಅನ್ನುವುದನ್ನು ಅವರು ಕೈಯಲ್ಲಿ ಹಿಡಿದದ್ದೇ ಇಲ್ಲ. ಮೈದಾನದಲ್ಲಿ ಊದುವವರಿಗೆ ಶಬ್ದ ಜೋರಾಗಿ ಬರಬೇಕು, ತಗ್ಗಿಸಿ ಏನು ಮಾಡೋದು ಅಲ್ವಾ?

ಮೊದಲು ತರಿಸಿದ್ದು ಯುರೋಪಿನ ಒಂದು ಅಗ್ಗದ ಕಂಪನಿಯ ಮರುಮುದ್ರಣ. ಹೆಸರು ಬೇಡ. ಇಂಥ ಕಂಪನಿಗಳು ಹುಟ್ಟಿಕೊಂಡದ್ದಕ್ಕೆ ಕಾನೂನಿನ ಒಂದು ಸಂದು ಕಾರಣ. ಯುರೋಪಿನಲ್ಲಿ ಧ್ವನಿಮುದ್ರಣದ ಹಕ್ಕು ಮೊದಲು 50 ವರ್ಷ ಇತ್ತು. 2013ರಲ್ಲಿ ಅದನ್ನು 70ಕ್ಕೆ ಏರಿಸಿದರು. ಆದರೆ ಅಷ್ಟರೊಳಗೆ ಅವಧಿ ಮುಗಿದಿದ್ದವಕ್ಕೆ ಹಕ್ಕು ವಾಪಸ್ ಬರಲಿಲ್ಲ. ಹಾಗಾಗಿ 1962ರವರೆಗೆ ಬಿಡುಗಡೆಯಾದ ಜಾಝ್ ಎಲ್ಲ ಅಲ್ಲಿ ಯಾರು ಬೇಕಾದರೂ ಅಚ್ಚು ಹಾಕಬಹುದಾದ ಮಾಲು. ಮೂಲ ಟೇಪ್ ಇವರ ಕೈಗೆ ಸಿಗುವುದಿಲ್ಲ. ಯಾವುದೋ ಸಿಡಿಯಿಂದ ಎತ್ತಿ ಪ್ಲೇಟಿಗೆ ಇಳಿಸುತ್ತಾರೆ. ಮೂಲದಲ್ಲಿ ಇರುವುದು ಹತ್ತು ತುಣುಕು, ಸುಮಾರು 26 ನಿಮಿಷ. ಹನ್ನೆರಡಿಂಚಿನ ಪ್ಲೇಟು ಅದರಿಂದ ತುಂಬುವುದಿಲ್ಲ. ಅದಕ್ಕೆ ಎರಡನೇ ಬದಿಯಲ್ಲಿ ಸಂಬಂಧವೇ ಇಲ್ಲದ ಬೇರೆ ಏನನ್ನೋ ತುರುಕಿರುತ್ತಾರೆ, ಹಣ್ಣಿನ ಬುಟ್ಟಿಯ ಅಡಿಗೆ ಹುಲ್ಲು ಹಾಕಿದ ಹಾಗೆ.

ಅದನ್ನೂ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ತೂತು. ಮಧ್ಯದ ತೂತು ಒಂದು ಮಿಲಿಮೀಟರಿನಷ್ಟು ಪಕ್ಕಕ್ಕೆ ಬಿದ್ದಿತ್ತು. ಪ್ಲೇಟು ತಿರುಗುವಾಗ ಮುಳ್ಳಿನ ತೋಳು ತೊಟ್ಟಿಲಿನ ಹಾಗೆ ಅತ್ತಿತ್ತ ತೂಗುತ್ತಿತ್ತು. ನಿಮಿಷಕ್ಕೆ 33 ಚಿಲ್ಲರೆ ಸುತ್ತು ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. ಪ್ರತಿ 1.8 ಸೆಕೆಂಡಿಗೊಮ್ಮೆ ಸ್ವರ ಒಂದು ಕೂದಲಷ್ಟು ಮೇಲೆ ಹೋಗಿ ಕೆಳಗೆ ಬರುತ್ತದೆ. ಡ್ರಮ್ಸ್ ಇದ್ದಾಗ ಗೊತ್ತಾಗಲ್ಲ. ಟ್ರಂಪೆಟ್ಟಿನ ಒಂದೇ ಉದ್ದ ಸ್ವರ ಬಂದಾಗ ಸಿಕ್ಕಿಬೀಳುತ್ತದೆ. ಈ ಆಲ್ಬಂ ಪೂರ್ತಿ ಇರುವುದೇ ಅಂಥ ಉದ್ದ ಸ್ವರಗಳು.

ಅಪ್ಪ ಮೂರು ನಿಮಿಷ ಕೇಳಿದರು. ಆಮೇಲೆ, “ಯಾರೋ ಇವನು? ಕುಡಿದು ಊದ್ತಿದಾನಾ? ಸ್ವರ ನಿಲ್ತಾ ಇಲ್ವಲ್ಲೋ” ಅಂದರು.

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಸ್ವರ ನಡುಗಿಸದೆ ಊದುವುದಕ್ಕೇ ಹೆಸರಾದವನು ಮೈಲ್ಸ್. ಹುಡುಗನಾಗಿದ್ದಾಗ ಅವನ ಮೇಷ್ಟ್ರು ಎಲ್ವುಡ್ ಬ್ಯೂಕ್ಯಾನನ್ ಸ್ವರ ಅಲುಗಾಡಿಸಲು ಬಿಡುತ್ತಲೇ ಇರಲಿಲ್ಲ. ಆ ಪಾಠವನ್ನು ಜೀವನಪೂರ್ತಿ ಉಳಿಸಿಕೊಂಡವನ ಮೇಲೆ ಎಪ್ಪತ್ತು ವರ್ಷ ಆದಮೇಲೆ ಒಂದು ವಕ್ರ ತೂತಿನಿಂದ ಅಪವಾದ. ತೂತನ್ನು ಅರದಿಂದ ಚೂರು ಉಜ್ಜಿ ಅಗಲ ಮಾಡಿ, ಕಣ್ಣಳತೆಯಲ್ಲಿ ಕೂರಿಸುವವರೂ ಇದ್ದಾರೆ. ನಾನೂ ಉಜ್ಜಿದೆ. ತೂಗಾಟ ಅರ್ಧ ಕಡಿಮೆಯಾಯಿತು. ಶಬ್ದ ಮಾತ್ರ ಕಂಬಳಿ ಹೊದ್ದ ಹಾಗೇ ಇತ್ತು.

ಕಳೆದ ಬೇಸಿಗೆಯಲ್ಲಿ ಫ್ರಾನ್ಸಿನ ಟೂಲೂಸ್‌ನಲ್ಲಿ ಕೆಲಸ ಮಾಡುವ ಅಕ್ಕನ ಮಗಳು ಊರಿಗೆ ಬಂದಳು. “ಮಾಮ, ಏನು ತರಲಿ?” ಅಂತ ಫೋನು ಮಾಡಿದಾಗ ಚಾಕೊಲೇಟ್ ಬೇಡ ಅಂದೆ. ಹುಡುಗಿ ಹಳೆ ರೆಕಾರ್ಡ್ ಅಂಗಡಿಯಲ್ಲಿ ಹುಡುಕಿ, ಸೂಟ್‌ಕೇಸಿನಲ್ಲಿ ಚೂಡಿದಾರುಗಳ ನಡುವೆ ಇಟ್ಟುಕೊಂಡು ತಂದದ್ದು 2018ರಲ್ಲಿ ಅರವತ್ತನೇ ವರ್ಷಕ್ಕೆ ಅಂತ ತಂದ ಪೆಟ್ಟಿಗೆ. ಹತ್ತಿಂಚಿನ ಮೂರು ಪ್ಲೇಟು. ಫ್ರಾನ್ಸ್‌ನಲ್ಲಿ ಮೊದಲು ಫೊಂಟಾನಾ ಕಂಪನಿಯವರು ಬಿಡುಗಡೆ ಮಾಡಿದ್ದೂ ಹತ್ತಿಂಚಿನಲ್ಲೇ. ಅಮೆರಿಕದಲ್ಲಿ ಕೊಲಂಬಿಯಾ ಕಂಪನಿಯವರು ಹನ್ನೆರಡಿಂಚಿನಲ್ಲಿ, ಇನ್ನೊಂದು ಬದಿಗೆ ಸ್ಯಾಕ್ಸೊಫೋನಿನ ಕೋಲ್ಟ್ರೇನ್ ಮತ್ತು ಪಿಯಾನೊದ ಬಿಲ್ ಎವಾನ್ಸ್ ಇರುವ ಮೈಲ್ಸ್ ತಂಡದ ಮೂರು ಹಾಡು ಸೇರಿಸಿ ‘ಜಾಝ್ ಟ್ರ್ಯಾಕ್’ ಅಂತ ತಂದರು. ಅದು ಸಿಕ್ಕರೆ ಬಿಡಬೇಡಿ, ಅದರ ಕಥೆ ಬೇರೆ.

ಪೆಟ್ಟಿಗೆಯ ಮೊದಲ ಪ್ಲೇಟು ಆ ಹತ್ತು ತುಣುಕು, ಜಗತ್ತೆಲ್ಲ ಕೇಳಿರುವ ರೂಪದಲ್ಲಿ. ಅಂದರೆ ಎಕೋ ಸೇರಿಸಿ. ಆ ರಾತ್ರಿ ಸ್ಟುಡಿಯೊದಲ್ಲಿ ಕೇಳಿಸಿದ್ದು ಹಾಗಲ್ಲ, ಎಕೋ ಬೆರೆಸಿದ್ದು ಆಮೇಲೆ. ಕಲ್ಯಾಣಿಯ ಮೆಟ್ಟಿಲ ಮೇಲೆ ನಿಂತು ಊದಿದ ಹಾಗಿದೆ. ಸೊಗಸು, ಇಲ್ಲ ಅನ್ನಲ್ಲ. ಆದರೆ ಈ ಪೆಟ್ಟಿಗೆಯ ಬೆಲೆ ಇರುವುದು ಉಳಿದ ಎರಡು ಪ್ಲೇಟಿನಲ್ಲಿ. ಒಂದೊಂದು ಸಲ ನುಡಿಸಿದ್ದಕ್ಕೆ ಒಂದೊಂದು ಟೇಕ್ ಅನ್ನುತ್ತಾರೆ. ಎಕೋ ಇಲ್ಲದ ಅಂಥ 16 ಟೇಕ್‌ಗಳು. ಇವು ಮೊದಲು ಹೊರಗೆ ಬಂದದ್ದು 1988ರ ಸಿಡಿಯಲ್ಲಿ.

ಫ್ಲಾರೆನ್ಸ್ ರಾತ್ರಿ ನಡೆಯುವ ದೃಶ್ಯಕ್ಕೆ ನಾಲ್ಕು ಟೇಕ್ ಇವೆ. ಮೂರನೆಯದಕ್ಕೆ ಎಕೋ ಹಾಕಿದ್ದೇ ಸಿನಿಮಾದ ಶೀರ್ಷಿಕೆ ಸಂಗೀತ. ನಾಲ್ಕನೆಯದು ಷಾಂಜೆಲಿಜೆ ಬೀದಿಯ ತುಣುಕು. ಮೊದಲೆರಡು ಕೇಳಿದರೆ ಒಬ್ಬ ಮನುಷ್ಯ ದಾರಿ ಹುಡುಕುತ್ತಿರುವುದು ಗೊತ್ತಾಗುತ್ತದೆ. ಬಾಸ್ ಕೆಳಗೆ ನಿಧಾನ ಹೆಜ್ಜೆ ಹಾಕುತ್ತಿರುತ್ತದೆ. ಮೈಲ್ಸ್ ಒಂದು ಸ್ವರ ಹಿಡಿದು ನಿಲ್ಲುತ್ತಾನೆ, ಅದರ ಪಕ್ಕದ್ದನ್ನು ಮುಟ್ಟಿ ನೋಡುತ್ತಾನೆ, ವಾಪಸ್ ಬರುತ್ತಾನೆ. ನಮ್ಮ ಕಡೆ ಆಲಾಪನೆ ಕೇಳಿ ಬೆಳೆದವರಿಗೆ ಇದೇನೂ ಅಪರಿಚಿತ ಅನ್ನಿಸುವುದಿಲ್ಲ. ಕಾರ್ಡ್‌ಗಳು ಓಡಿ ಓಡಿ ಬದಲಾಗುವ ಜಾಝ್ ಅಲ್ಲ ಇದು. ಒಂದು ಶ್ರುತಿಯ ಮೇಲೆ ಕೂತು ಯೋಚಿಸುವ ಜಾಝ್. ಒಂದೂವರೆ ವರ್ಷದೊಳಗೆ ಅವನು ತನ್ನ ಹೆಸರಾಂತ ಆಲ್ಬಂ ‘ಕೈಂಡ್ ಆಫ್ ಬ್ಲೂ’ ಮಾಡಿದ್ದು ಇದೇ ದಾರಿ ಹಿಡಿದು.

ಎಕೋ ತೆಗೆದ ಮೇಲೆ ಉಸಿರು ಕೇಳುತ್ತದೆ. ಸ್ವರ ಹುಟ್ಟುವ ಮೊದಲು ತುಟಿಯಿಂದ ಒಂದಿಷ್ಟು ಬರೀ ಗಾಳಿ ಬರುತ್ತದಲ್ಲ, ಅದು. ಕೆಲವು ಕಡೆ ಸ್ವರ ಮುಗಿಯುವಲ್ಲಿ ಚೂರು ಒಡೆಯುತ್ತದೆ. ಎಕೋ ಇರುವ ಪ್ಲೇಟಿನಲ್ಲಿ ಆ ಒಡಕಿನ ಮೇಲೆ ಸುಣ್ಣ ಬಳಿದ ಹಾಗಿದೆ. ಅಪ್ಪನಿಗೆ ನಾನು ಏನೂ ಹೇಳದೆ ಎರಡನೇ ಪ್ಲೇಟು ಹಾಕಿದೆ. ಕಾಫಿ ಲೋಟ ಕೆಳಗಿಟ್ಟರು. “ತುಟಿ ಸುಸ್ತಾಗಿದೆ ಇವನದು. ರಾತ್ರಿ ತುಂಬಾ ಹೊತ್ತಾಗಿರಬೇಕು” ಅಂದರು. ರೆಕಾರ್ಡಿಂಗ್ ರಾತ್ರಿ ನಡೆದದ್ದು ಅಂತ ನಾನು ಅವರಿಗೆ ಹೇಳಿರಲಿಲ್ಲ.

ತುಟಿಯದೇ ಇನ್ನೊಂದು ಕಥೆ ಇದೆ. ಆ ರಾತ್ರಿ ಸ್ಟುಡಿಯೊದಲ್ಲಿದ್ದ ಫ್ರೆಂಚ್ ಲೇಖಕ ಬೋರಿಸ್ ವಿಯಾನ್ ಆಲ್ಬಮ್ಮಿಗೆ ಟಿಪ್ಪಣಿ ಬರೆದ. ‘ದಿನೇ ಓ ಮೊಟೆಲ್’ ಅನ್ನುವ ತುಣುಕಿನಲ್ಲಿ ಟ್ರಂಪೆಟ್ ಸ್ವರ ವಿಚಿತ್ರವಾಗಿದೆ, ಮೈಲ್ಸ್‌ನ ತುಟಿಯ ಚರ್ಮದ ಚೂರೊಂದು ಕಿತ್ತು ಮೌತ್‌ಪೀಸಿನಲ್ಲಿ ಸಿಕ್ಕಿಕೊಂಡದ್ದೇ ಕಾರಣ ಅಂತ. ಕೆಲವರು ಇದು ವಿಯಾನ್ ಕಟ್ಟಿದ ಕಥೆ ಅನ್ನುತ್ತಾರೆ. ಅಪ್ಪನನ್ನು ಕೇಳಿದೆ. ಡಿಸೆಂಬರ್ ಚಳಿಯಲ್ಲಿ ಬೆಳಗಿನ ಕವಾಯತಿಗೆ ಹೋದಾಗ ತಮಗೂ ಹಾಗೆ ಆಗಿದೆಯಂತೆ. “ಬೆಣ್ಣೆ ಹಚ್ಕೋಬೇಕಿತ್ತು ಅವನು” ಅಂದರು. ವಿಷಯ ಅಲ್ಲಿಗೆ ಮುಗಿಯಿತು.

ಬಾಸ್ ಇಷ್ಟಪಡುವವರು ಮೊದಲ ಪ್ಲೇಟಿನಲ್ಲಿ ಕಾವಲುಗಾರ ಬರುವ ತುಣುಕನ್ನು ಹುಡುಕಿ. ಬರೀ ಬಾಸು, ಡ್ರಮ್ಸು. ಎರಡು ನಿಮಿಷ ಚಿಲ್ಲರೆ. ಲಿಫ್ಟಿನಲ್ಲಿ ಕೂತವನ ಎದೆಬಡಿತ ಅಂತ ನನಗನ್ನಿಸಿತು. ಹೆಂಡತಿಗೆ ಮಿಕ್ಸಿ ಕೆಟ್ಟ ಹಾಗೆ ಕೇಳಿಸಿತಂತೆ. ಕಾರಿನ ದೃಶ್ಯದ ಎರಡು ಟೇಕ್ ಚುರುಕಾಗಿವೆ, ಆದರೆ ನಾನು ಮತ್ತೆ ಮತ್ತೆ ಹಾಕುವುದಿಲ್ಲ.

ನಮ್ಮಲ್ಲಿ ಸಿನಿಮಾ ರೆಕಾರ್ಡ್ ಅಂದರೆ ಹಾಡುಗಳು. ‘ಶೋಲೆ’ಯ ಡೈಲಾಗಿಗೂ ಎಲ್‌ಪಿ ಬಂತು, ಆದರೆ ಹಿನ್ನೆಲೆ ಸಂಗೀತ ಅಂತ ಪ್ಲೇಟು ಮಾಡಿ ಮಾರಿದ್ದು ಬಲು ಅಪರೂಪ. ಕನ್ನಡದಲ್ಲಂತೂ ನಾಲ್ಕು ಹಾಡಿನ ಇಪಿ ಸಿಕ್ಕರೆ ಅದೇ ಭಾಗ್ಯ. ಎಷ್ಟೋ ಒಳ್ಳೆ ಹಿನ್ನೆಲೆ ಸಂಗೀತ ಸಿನಿಮಾದ ರೀಲಿನ ಜೊತೆಗೇ ಹಾಳಾಗಿ ಹೋಯಿತು. ಇಲ್ಲಿ ನೋಡಿದರೆ ಬಿಟ್ಟ ಟೇಕ್‌ಗಳನ್ನೂ ಮೂವತ್ತು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಹೊಟ್ಟೆಕಿಚ್ಚಾಗುತ್ತದೆ.

ಪೆಟ್ಟಿಗೆಯ ತೊಂದರೆಗಳನ್ನೂ ಹೇಳಿಬಿಡುತ್ತೇನೆ. ಒಂದು ಬದಿ ಹತ್ತು ಹದಿಮೂರು ನಿಮಿಷಕ್ಕೆ ಮುಗಿಯುತ್ತದೆ. ಮೊಣಕಾಲು ನೋವಿದ್ದವರಿಗೆ ಏಳುವುದು ಕೂರುವುದೇ ಕೆಲಸ. ಹತ್ತಿಂಚಿನ ಪ್ಲೇಟಿಗೆ ಪ್ಲಾಸ್ಟಿಕ್ ಕವರ್ ಇಲ್ಲಿ ಸಿಗುವುದು ಕಷ್ಟ. ನಾನು ಹನ್ನೆರಡಿಂಚಿನದನ್ನೇ ಮಡಚಿ ಬಳಸುತ್ತಿದ್ದೇನೆ. ಮುಖ್ಯವಾದದ್ದು, ನಿಮ್ಮದು ಆಟೊಮ್ಯಾಟಿಕ್ ಟರ್ನ್‌ಟೇಬಲ್ ಆಗಿದ್ದು, ಅದರಲ್ಲಿ 7 ಮತ್ತು 12 ಇಂಚು ಎರಡೇ ಅಳತೆ ಇದ್ದರೆ ಬಟನ್ ಒತ್ತಬೇಡಿ. ತೋಳು ಹನ್ನೆರಡಿಂಚಿನ ಅಂಚು ಅಂದುಕೊಂಡು ಇಳಿಯುತ್ತದೆ. ಅಲ್ಲಿ ಪ್ಲೇಟೇ ಇರುವುದಿಲ್ಲ. ಮುಳ್ಳು ನೇರ ಮ್ಯಾಟ್ ಮೇಲೆ. ಕೈಯಲ್ಲೇ ಇಳಿಸಿ.

ಪೆಟ್ಟಿಗೆ ಈಗ ಹೊಸದಾಗಿ ಸುಲಭಕ್ಕೆ ಸಿಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಹುಡುಕಬೇಕು. ನನ್ನ ಪ್ರಾಮಾಣಿಕ ಸಲಹೆ ಏನಂದರೆ, ಪ್ಲೇಟಿನ ಹುಚ್ಚು ಅಷ್ಟಿಲ್ಲದಿದ್ದರೆ ಆ ಹಳೆ ಸಿಡಿ ತೆಗೆದುಕೊಳ್ಳಿ. ಹತ್ತು ಪ್ಲಸ್ ಹದಿನಾರು, 26 ತುಣುಕೂ ಅದರಲ್ಲಿವೆ. ಮೊದಲು ಎಕೋ ಇಲ್ಲದ್ದನ್ನು ಕೇಳಿ, ಆಮೇಲೆ ಇರುವುದನ್ನು. ಪ್ಲೇಟೇ ಬೇಕು ಅಂದರೆ ಕವರಿನ ಹಿಂದೆ ಫೊಂಟಾನಾ ಹೆಸರಿದೆಯಾ, ಯಾವ ಟೇಪಿನಿಂದ ಮಾಡಿದ್ದು ಅಂತ ಬರೆದಿದೆಯಾ ನೋಡಿ. ಟೇಪಿನ ಬಗ್ಗೆ ಒಂದಕ್ಷರ ಇಲ್ಲದೆ ‘180 ಗ್ರಾಂ’ ಅಂತ ಮಾತ್ರ ದೊಡ್ಡದಾಗಿ ಅಚ್ಚು ಹಾಕಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ತೂಕ ನೋಡಿ ಕೊಳ್ಳೋಕೆ ಅದೇನು ಬೆಲ್ಲ ಅಲ್ಲ.

ಮೊದಲು ಕೊಂಡದ್ದು ಹಾಲ್‌ನಲ್ಲಿ ಕ್ಯಾಲೆಂಡರ್ ಪಕ್ಕದ ಮೊಳೆಗೆ ನೇತಾಡುತ್ತಿದೆ. ಲೇಬಲ್ಲಿನ ಅಕ್ಷರ ನೇರ ಕಾಣಲಿ ಅಂತ ದಿನಾ ತಿರುಗಿಸಿ ಇಡುತ್ತೇನೆ. ತೂತು ನಡುವಿನಲ್ಲಿ ಇಲ್ಲವಲ್ಲ, ಫ್ಯಾನ್ ಗಾಳಿ ತಗುಲಿದ ಹಾಗೆ ಮೆಲ್ಲಗೆ ಜಾರಿ ಅದೇ ಓರೆಗೆ ಬಂದು ನಿಲ್ಲುತ್ತದೆ.