ಸಾಲು ಇದೆ, ಸಾಲಿನ ಪಟ್ಟಿ ಇಲ್ಲ: ಸ್ಪೋರ್ಟ್ಸ್ ಕಾರ್ ಶೋರೂಂ ಒಂದರ ಬುಕಿಂಗ್ ಸೇವೆ

ಮೂಡಿಗೆರೆ ಕಡೆ ಕಾಫಿ ತೋಟ ಇರುವ ನನ್ನ ದೊಡ್ಡಪ್ಪನ ಮಗ, ಕಾಫಿಗೆ ಒಳ್ಳೆಯ ಬೆಲೆ ಬಂದ ಧೈರ್ಯದಲ್ಲಿ, ಯೂರೋಪಿನ ಕಂಪನಿಯೊಂದರ ಸ್ಪೋರ್ಟ್ಸ್ ಕಾರಿಗೆಂದು ಬೆಂಗಳೂರಿನ ಶೋರೂಂ ಒಂದರಲ್ಲಿ 2024ರ ಏಪ್ರಿಲ್‌ನಲ್ಲಿ ಹತ್ತು ಲಕ್ಷ ರೂಪಾಯಿ ಮುಂಗಡ ಕಟ್ಟಿದರು. ಮುಂದಿನ ಹದಿನಾರು ತಿಂಗಳು ಅದರ ಕಾಗದಪತ್ರ ನೋಡಿಕೊಂಡವನು ನಾನು. ಶೋರೂಮಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಕಾರು ಹೇಗಿದೆ ಎಂಬುದನ್ನೂ ಬರೆಯಲಾರೆ, ಏಕೆಂದರೆ ಕಾರು ಬರಲೇ ಇಲ್ಲ. ಅವರು ನಮಗೆ ಮಾರಿದ್ದು ‘ಅಲೊಕೇಶನ್’, ಅಂದರೆ ಕಾರಿನ ಹಂಚಿಕೆ, ಎಂಬ ಸರಕಿನ ಆಸೆಯನ್ನು. ಈ ವಿಮರ್ಶೆ ಅದರದ್ದು.

ಮೊದಲು ಚೆನ್ನಾಗಿದ್ದುದನ್ನು ಹೇಳುತ್ತೇನೆ. ಟೆಸ್ಟ್ ಡ್ರೈವ್ ಕಾರನ್ನು ಫ್ಲಾಟ್‌ಬೆಡ್ ಲಾರಿಯ ಮೇಲೆ ಚಿಕ್ಕಮಗಳೂರಿನವರೆಗೆ ತಂದು, ಅಲ್ಲಿಂದ ತೋಟದ ತನಕ ಓಡಿಸಿಕೊಂಡು ಬಂದರು. ಗೇಟಿನ ಮುಂದಿನ ಮೋರಿಯ ಉಬ್ಬಿಗೆ ಕಾರಿನ ಅಡಿ ತಾಗುತ್ತದೆಯೇ ಎಂದು ಅವರ ಹುಡುಗನೊಬ್ಬ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಮಣ್ಣಿನ ಮೇಲೆ ಮಲಗಿ ಟೇಪು ಹಿಡಿದು ಅಳೆದು, ಮುಂಭಾಗವನ್ನು ಎತ್ತುವ ವ್ಯವಸ್ಥೆ ಹಾಕಿಸಲೇಬೇಕು ಎಂದು ಬರೆದುಕೊಂಡ. ಅಷ್ಟು ಶ್ರದ್ಧೆಯ ಕೆಲಸವನ್ನು ನಾನು ಬೇರೆ ಯಾವ ಕಾರು ಅಂಗಡಿಯಲ್ಲೂ ಕಂಡಿಲ್ಲ. ಶೋರೂಮಿನಲ್ಲಿ ಕಾಫಿ ಬೆಳೆಗಾರನಿಗೆ ಯಂತ್ರದಿಂದ ಸುರಿದ ಕ್ಯಾಪ್ಸೂಲ್ ಕಾಫಿ ಕೊಟ್ಟದ್ದನ್ನು ಅಣ್ಣ ಇನ್ನೂ ಮರೆತಿಲ್ಲ. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ತೊಡಕು ಇರುವುದು ಹಂಚಿಕೆಯಲ್ಲಿ. ಇಂಥ ಕಂಪನಿಗಳು ವರ್ಷಕ್ಕೆ ಎಷ್ಟು ಕಾರು ಮಾಡಬೇಕೆಂದು ಮೊದಲೇ ತೀರ್ಮಾನಿಸಿ, ದೇಶ ದೇಶಕ್ಕೆ ಪಾಲು ಹಾಕುತ್ತವೆ. ದೇಶದ ಪಾಲಿಗೆ ಬಂದದ್ದನ್ನು ಇಲ್ಲಿನ ಕಚೇರಿ ಡೀಲರುಗಳಿಗೆ ಹಂಚುತ್ತದೆ. ಹಿಂದಿನ ವರ್ಷಗಳಲ್ಲಿ ಯಾವ ಡೀಲರು ಎಷ್ಟು ಮಾರಿದ, ಅದರಲ್ಲಿ ಬೇಗ ಬಿಕರಿಯಾಗದ ಮಾದರಿಗಳು ಎಷ್ಟಿದ್ದವು, ಗ್ರಾಹಕರು ಸರ್ವೀಸಿಗೆ ಎಷ್ಟು ಅಂಕ ಕೊಟ್ಟರು ಎಂಬುದೆಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಹೀಗೆ ಡೀಲರನ ಕೈಗೆ ಬರುವ ಒಂದೊಂದು ಕಾರಿನ ತಯಾರಿಕೆಯ ಸರದಿಗೆ ‘ಸ್ಲಾಟ್’ ಎನ್ನುತ್ತಾರೆ. ಸ್ಲಾಟ್ ಬರುವ ತನಕ ನೀವು ಕಟ್ಟಿದ ಹಣ ಆರ್ಡರ್ ಅಲ್ಲ, ಬರೀ ಅರ್ಜಿ. ಬೆಲೆಯೂ ನಿಂತಿರುವುದಿಲ್ಲ: 40,000 ಡಾಲರ್ ಮೀರಿದ ಕಾರು ಪೂರ್ತಿ ತಯಾರಾಗಿ ಹೊರದೇಶದಿಂದ ಬಂದರೆ ಕಾರಿನ ಬೆಲೆಯಷ್ಟೇ ಆಮದು ಸುಂಕ ನಾವು ಬುಕ್ ಮಾಡಿದಾಗ ಇತ್ತು, ಅದರ ಮೇಲೆ ಜಿಎಸ್‌ಟಿ, ಆಗ ಇದ್ದ ಸೆಸ್ಸು, ಕರ್ನಾಟಕದ 18 ಶೇಕಡ ಜೀವಾವಧಿ ರಸ್ತೆ ತೆರಿಗೆ. ಕಾರು ಬಂದ ದಿನದ ದರವೇ ದರ.

ಸೀಮಿತ ಸಂಖ್ಯೆಯ ಕಾರುಗಳಲ್ಲಂತೂ ಡೀಲರನ ಕೈಯಲ್ಲಿ ಶಿಫಾರಸಿಗಿಂತ ಹೆಚ್ಚೇನೂ ಇರುವುದಿಲ್ಲ. ಫೆರಾರಿ ಕಂಪನಿ ಲಾಫೆರಾರಿ ಕಾರನ್ನು 499ಕ್ಕೆ ನಿಲ್ಲಿಸಿ ತನ್ನ ಹಳೆಯ ಗಿರಾಕಿಗಳನ್ನೇ ಆರಿಸಿಕೊಂಡಿತು. ಆಮೇಲೆ ಇನ್ನೊಂದನ್ನು ಕಟ್ಟಿದ್ದು 2016ರ ಇಟಲಿ ಭೂಕಂಪದ ಸಂತ್ರಸ್ತರಿಗಾಗಿ ಹರಾಜು ಹಾಕಲು. ಲಾಫೆರಾರಿ ಎಡಗಡೆ ಸ್ಟೀರಿಂಗಿನಲ್ಲಿ ಮಾತ್ರ ಬಂದದ್ದರಿಂದ ನಮ್ಮವರು ಆ ಸಾಲಿನಲ್ಲಿ ನಿಲ್ಲುವ ಪ್ರಶ್ನೆಯೇ ಇರಲಿಲ್ಲ. ಪೋರ್ಷೆಯವರ ಸಂಖ್ಯೆಗಳು ಇನ್ನೂ ತಮಾಷೆಯವು: 918 ಸ್ಪೈಡರ್ ಮಾಡಿದ್ದು 918 ಕಾರು, ಆಗಿನ 911ರ ಒಳಹೆಸರು 991 ಆದ್ದರಿಂದ 911 ಆರ್ ಮಾಡಿದ್ದು 991, 911 ಮೊದಲು ಕಾಣಿಸಿದ ವರ್ಷದ ನೆನಪಿಗೆ 911 ಎಸ್/ಟಿ ಮಾಡಿದ್ದು 1,963. ಎಷ್ಟು ಜನ ಕೇಳುತ್ತಿದ್ದಾರೆ ಎಂಬುದಕ್ಕೂ ಈ ಅಂಕಿಗಳಿಗೂ ಸಂಬಂಧವಿಲ್ಲ. 2016ರ 911 ಆರ್‌ನಲ್ಲಿ 918 ಕೊಂಡವರಿಗೇ ಮೊದಲ ಮಣೆ ಸಿಕ್ಕಿ, ಕೈ ಬದಲಾದ ಕಾರುಗಳು ಹಲವು ಪಟ್ಟು ಬೆಲೆಗೆ ಹೋದವು. ಮರುವರ್ಷ ಕಂಪನಿ ಅದರದೇ ಗುಣದ ಜಿಟಿ3 ಟೂರಿಂಗ್ ಅನ್ನು ಸಂಖ್ಯೆಯ ಮಿತಿಯಿಲ್ಲದೆ ಬಿಟ್ಟಾಗ ಆ ಬೆಲೆ ಇಳಿಯಿತು. ಫೋರ್ಡ್ ತನ್ನ ಜಿಟಿ ಕಾರಿಗೆ ಡೀಲರುಗಳನ್ನು ಬದಿಗಿಟ್ಟು ತಾನೇ ಅರ್ಜಿ ಕರೆಯಿತು: ಮೊದಲ 500 ಕಾರುಗಳಿಗೆ ಆರು ಸಾವಿರಕ್ಕೂ ಮೀರಿ ಅರ್ಜಿಗಳು ಬಂದವು, ಎರಡು ವರ್ಷ ಮಾರುವಂತಿಲ್ಲ ಎಂದು ಕರಾರಾಯಿತು, ಅದನ್ನು ಮೀರಿ ಮಾರಿದರೆಂದು ಕುಸ್ತಿಪಟು ಜಾನ್ ಸೀನಾ ಮೇಲೆ 2017ರಲ್ಲಿ ಮೊಕದ್ದಮೆಯನ್ನೂ ಹೂಡಿತು. ಕಠಿಣವೇ ಹೌದು, ಆದರೆ ಷರತ್ತು ಕಾಗದದ ಮೇಲಿತ್ತು.

ನಮಗೆ ಆ ಭಾಗ್ಯ ಇರಲಿಲ್ಲ. ಅಕ್ಟೋಬರಿನಲ್ಲಿ ಮ್ಯಾನೇಜರು ಫೋನು ಮಾಡಿ, “ನಿಮಗೆ ನಮ್ಮಲ್ಲಿ ಹಿಸ್ಟರಿ ಇಲ್ಲ ಸರ್, ಒಂದು ಎಸ್‌ಯುವಿ ತಗೊಂಡ್ರೆ ಮುಂದಿನ ಸ್ಲಾಟಿಗೆ ಅನುಕೂಲ ಆಗತ್ತೆ,” ಎಂದರು. ‘ಅನುಕೂಲ’ ಎಂಬ ಆ ಪದವನ್ನು ಅಣ್ಣ ‘ಖಂಡಿತ’ ಎಂದು ಕೇಳಿಸಿಕೊಂಡರು. ಅಷ್ಟು ತಪ್ಪು ನಮ್ಮದು. ಡಿಸೆಂಬರಿನಲ್ಲಿ ಎಸ್‌ಯುವಿ ತೋಟಕ್ಕೆ ಬಂತು. ಫೆಬ್ರವರಿಯಲ್ಲಿ ಸ್ಲಾಟ್ ಬಂತು, ಮತ್ತು ಬೆಂಗಳೂರಿನ ಇನ್ಯಾರೋ ಹಳೆಯ ಗಿರಾಕಿಗೆ ಹೋಯಿತು. ರಸೀದಿಯನ್ನು ತಿರುಗಿಸಿ ನೋಡಿದರೆ, ಹಿಂಬದಿಯ ಒಂಬತ್ತನೆಯ ಸಾಲಿನಲ್ಲಿ, ಓದುವ ಕನ್ನಡಕಕ್ಕೂ ಸಿಗದಷ್ಟು ಸಣ್ಣ ಅಕ್ಷರದಲ್ಲಿ, ಹಂಚಿಕೆ ಕಂಪನಿಯ ವಿವೇಚನೆಗೆ ಬಿಟ್ಟದ್ದು ಎಂದಿತ್ತು. ನಮ್ಮ ಕ್ರಮಸಂಖ್ಯೆ ಮಾತ್ರ ಎಲ್ಲೂ ಇರಲಿಲ್ಲ.

ದೊಡ್ಡಪ್ಪ ಇದನ್ನು ಕೇಳಿ ನಕ್ಕರು. 1942ರ ಕಾಫಿ ಕಾಯ್ದೆಯಿಂದ ಹಿಡಿದು 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಗುವವರೆಗೆ ನಮ್ಮ ಬೆಳೆಗಾರರು ಕಾಫಿಯನ್ನು, ಎಲ್ಲರ ಬೆಳೆಯನ್ನೂ ಒಟ್ಟುಗೂಡಿಸುತ್ತಿದ್ದ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಿ, ಗುಣ ಮತ್ತು ತೂಕಕ್ಕೆ ತಕ್ಕ ಪಾಯಿಂಟುಗಳ ಮೇಲೆ ಕಂತು ಕಂತಾಗಿ ಹಣ ಪಡೆಯುತ್ತಿದ್ದವರು. “ನಾವೂ ಕಾದಿದ್ದೀವಿ ಮಾರಾಯ. ಆದ್ರೆ ಎಷ್ಟು ಪಾಯಿಂಟು ಅಂತ ಚೀಟಿ ಕೊಡ್ತಿದ್ರು,” ಎಂದರು. ಶೋರೂಮಿನ ಮೇಲೆ ನನಗಿರುವ ದೂರು ಅಷ್ಟೇ. ಹಳೆಯ ಗಿರಾಕಿಗೆ ಮೊದಲು ಕೊಡುವುದು ವ್ಯಾಪಾರದಲ್ಲಿ ಇದ್ದದ್ದೇ. ವರ್ಷಗಟ್ಟಲೆ ಇವರ ಎಲ್ಲ ಮಾದರಿಗಳನ್ನೂ ಕೊಂಡವನು ಮುಂದೆ ನಿಲ್ಲುವುದನ್ನು ನಾನು ಅನ್ಯಾಯ ಎನ್ನಲಾರೆ. ಆದರೆ ಹತ್ತು ಲಕ್ಷ ಕಟ್ಟಿದವನಿಗೆ ತನ್ನ ಮುಂದೆ ಎಷ್ಟು ಜನ ಇದ್ದಾರೆ ಎಂದು ಬರೆದುಕೊಡದ ಅಂಗಡಿಗೆ, ಟೇಪು ಹಿಡಿದು ಮಲಗಿದ ಆ ಹುಡುಗನ ಶ್ರದ್ಧೆಯನ್ನು ಎಷ್ಟು ನೆನೆದರೂ, ಐದರಲ್ಲಿ ಎರಡಕ್ಕಿಂತ ಹೆಚ್ಚು ಅಂಕ ಕೊಡಲು ನನಗೆ ಮನಸ್ಸಿಲ್ಲ.

ಆಗಸ್ಟಿನಲ್ಲಿ ಮುಂಗಡ ವಾಪಸು ಕೇಳಲು ಹೋದಾಗ ಮೂರು ಪ್ರಶ್ನೆ ಬರೆದುಕೊಂಡು ಹೋಗಿದ್ದೆವು. ಹಾಸನದಿಂದಲೋ ಚಿಕ್ಕಮಗಳೂರಿನಿಂದಲೋ ಹೋಗುವವರು ಚೆಕ್ಕು ಬರೆಯುವ ಮುನ್ನವೇ ಇವನ್ನು ಕೇಳುವುದು ಒಳ್ಳೆಯದು. ಈ ಮಾದರಿಗೆ ನಿಮ್ಮ ಕೈಯಲ್ಲಿ ಕಾರ್ಖಾನೆ ಒಪ್ಪಿದ ಸ್ಲಾಟ್ ಈಗ ಇದೆಯೇ ಎಂದಾಗ ಇಲ್ಲ ಎಂದರು. ಹಣ ಪೂರ್ತಿ ವಾಪಸು ಬರುತ್ತದೆಯೇ ಎಂದಾಗ ಹೌದು ಎಂದರು, ಒಂಬತ್ತು ದಿನದಲ್ಲಿ ಬಂತು ಕೂಡ. ಏಪ್ರಿಲ್‌ನಿಂದ ಇಲ್ಲಿಯವರೆಗೆ ನಾವು ಎಷ್ಟನೆಯವರಾಗಿದ್ದೆವು ಎಂಬ ಪ್ರಶ್ನೆಗೆ ಸಂಜೆಯೊಳಗೆ ಮೇಲ್ ಮಾಡುತ್ತೇವೆ ಎಂದು ಹೇಳಿ, ಇನ್ನೊಂದು ಕ್ಯಾಪ್ಸೂಲ್ ಕಾಫಿ ತರಿಸಿದರು. ಮೇಲ್ ಇನ್ನೂ ಬಂದಿಲ್ಲ.