ಆಚಾರ್ರ ಅಂಗಡಿ: ಮೂರು ತಲೆಮಾರಿನ ಮರಗೆಲಸ, ನಮ್ಮ ಮನೆಯ ಅನುಭವ

ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವ ಹೆದ್ದಾರಿಯಲ್ಲಿ, ಭರಮಸಾಗರದ ಆಸುಪಾಸಿನಲ್ಲಿ ನಮ್ಮೂರು. ಸರ್ವಿಸ್ ರಸ್ತೆಗೆ ಇಳಿದರೆ ಬಸ್ ನಿಲ್ದಾಣದ ಹಿಂದೆ ಒಂದು ಫರ್ನಿಚರ್ ಅಂಗಡಿ ಸಿಗುತ್ತದೆ. ಬೋರ್ಡಿನಲ್ಲಿ ಬೇರೆ ಹೆಸರಿದೆ, ಆದರೆ ಸುತ್ತಲಿನ ಹಳ್ಳಿಯವರಿಗೆಲ್ಲ ಅದು ಆಚಾರ್ರ ಅಂಗಡಿ. ನಮ್ಮ ತಲೆಬಾಗಿಲಿನಿಂದ ಹಿಡಿದು ಮಗಳು ಓದುವ ಮೇಜಿನವರೆಗೆ ಮನೆಯ ಮರದ ಸಾಮಾನು ಹೆಚ್ಚುಕಮ್ಮಿ ಎಲ್ಲವೂ ಅಲ್ಲಿಯದೇ. 25 ವರ್ಷಕ್ಕೂ ಜಾಸ್ತಿ ಬಳಸಿದ ಮೇಲೆ ಧೈರ್ಯವಾಗಿ ಹೇಳುತ್ತೇನೆ: ಗಟ್ಟಿ ಮರದ ಕೆಲಸ ಬೇಕಿದ್ದರೆ ಇಲ್ಲಿಗೇ ಬನ್ನಿ. ಸೋಫಾ ಬೇಕಿದ್ದರೆ ಸ್ವಲ್ಪ ಯೋಚನೆ ಮಾಡಿ.

ಈ ಅಂಗಡಿ ಹೇಗೆ ಬೆಳೆಯಿತು ಅಂತ ಗೊತ್ತಿದ್ದರೆ ಅಲ್ಲಿ ಯಾವುದು ಚೆನ್ನಾಗಿ ಸಿಗುತ್ತದೆ, ಯಾವುದು ಇಲ್ಲ ಅನ್ನುವುದು ತಾನೇ ಅರ್ಥವಾಗುತ್ತದೆ. ಅದಕ್ಕೆ ಅಲ್ಲಿಂದಲೇ ಶುರು ಮಾಡುತ್ತೇನೆ.

ಈಗ ಗಲ್ಲಾದಲ್ಲಿ ಕೂರುವ ಹುಡುಗನ ಅಜ್ಜ ಅಂಗಡಿ ಇಟ್ಟವರಲ್ಲ. ಊರ ಮುಂದಿನ ಬೇವಿನ ಮರದ ನೆರಳಲ್ಲಿ ಕೂತು ನೇಗಿಲು, ಕುಂಟೆ, ಕೂರಿಗೆ ಮಾಡುತ್ತಿದ್ದರು. ಎತ್ತಿನ ಗಾಡಿಯ ಚಕ್ರಕ್ಕೆ ಜಾಲಿ ಮರ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲವಂತೆ. ನಮ್ಮ ಮಾವನವರು ಈ ಕಥೆ ಹೇಳುವಾಗ ಆಯದ ವಿಷಯ ತಪ್ಪದೇ ಹೇಳುತ್ತಿದ್ದರು. ಕೆಲಸಕ್ಕೆ ದುಡ್ಡಿನ ಲೆಕ್ಕ ಇರಲಿಲ್ಲ. ಸುಗ್ಗಿಯಲ್ಲಿ ಆಚಾರ್ರು ಕಣಕ್ಕೆ ಬಂದರೆ ಜೋಳವನ್ನೋ ರಾಗಿಯನ್ನೋ ಅಳೆದು ಕೊಡಬೇಕು. ಅದಕ್ಕೆ ಪ್ರತಿಯಾಗಿ ವರ್ಷಪೂರ್ತಿ ರೈತನ ಸಾಮಾನು ಏನೇ ಮುರಿಯಲಿ, ಸರಿ ಮಾಡಿಕೊಡುವುದು ಅವರ ಹೊಣೆ. ಬಿತ್ತನೆ ಹೊತ್ತಲ್ಲಿ ಕೂರಿಗೆ ಕೈಕೊಟ್ಟರೆ ರಾತ್ರಿಯಾದರೂ ಲಾಟೀನು ಹಿಡಿದು ಕೂರುತ್ತಿದ್ದರಂತೆ. ಮಾಡಿಕೊಟ್ಟ ಸಾಮಾನಿನ ರಿಪೇರಿಯೂ ತಮ್ಮದೇ ಅನ್ನುವ ಆ ರೂಢಿ ಈ ಮನೆತನದಲ್ಲಿ ಇವತ್ತಿಗೂ ಉಳಿದಿದೆ. ನಾನು ಈ ಅಂಗಡಿ ಬಿಡದೇ ಇರುವುದಕ್ಕೆ ಮುಖ್ಯ ಕಾರಣ ಅದೇ.

ಆಮೇಲೆ ಗಾಡಿಗೆ ಟೈರು ಬಂತು. ಟ್ರ್ಯಾಕ್ಟರ್ ಬಂತು. ಕೂರಿಗೆ ಕಬ್ಬಿಣದ್ದಾಯಿತು. ಮರಗೆಲಸದವರಿಗೆ ಹೊಲದಲ್ಲಿ ಕೆಲಸವೇ ಇಲ್ಲದಂತಾಯಿತು. ಅಜ್ಜನ ಮಗ, ಅಂದರೆ ನಾವು ಈಗ ಆಚಾರ್ರು ಅಂತ ಕರೆಯುವವರು, ದಾವಣಗೆರೆಗೆ ಹೋಗಿ ಒಂದು ಕಾರ್ಖಾನೆಯಲ್ಲಿ ಮಂಚ, ಕಿಟಕಿ, ಬಾಗಿಲಿನ ಕೆಲಸ ಕಲಿತರು. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಯಿತಲ್ಲ, ಸುಮಾರು ಆ ಹೊತ್ತಿಗೆ ಊರಿಗೆ ಬಂದು ತಗಡಿನ ಶೀಟು ಹಾಕಿ ಅಂಗಡಿ ತೆರೆದರು. ಊರಲ್ಲಿ ಮಣ್ಣಿನ ಮಾಳಿಗೆ ಕೆಡವಿ ಆರ್‌ಸಿಸಿ ಮನೆ ಕಟ್ಟುವುದು ಆಗ ಜೋರಾಗಿತ್ತು. ಚೌಕಟ್ಟು, ಕಿಟಕಿಗೆ ಜನ ಸಾಲು ನಿಂತರು.

ಆ ಸಾಲಿನಲ್ಲಿ ನಮ್ಮ ಮಾವನವರೂ ಇದ್ದರು. ನಮ್ಮ ಮನೆಯ ಚೌಕಟ್ಟು ಮತ್ತಿ ಮರದ್ದು, ತಲೆಬಾಗಿಲು ತೇಗದ್ದು. ಚೌಕಟ್ಟು ನಿಲ್ಲಿಸುವ ಪೂಜೆಯ ದಿನ ಆಚಾರ್ರು ಹೊಸ್ತಿಲ ಕೆಳಗೆ ಗೋಡೆಗೆ ತಾಗುವ ಭಾಗಕ್ಕೆಲ್ಲ ಡಾಂಬರು ಬಳಿದಿದ್ದರು. ಅತ್ತೆ ಅದನ್ನು ನೋಡಿ ಮುಖ ಸಿಂಡರಿಸಿದರು. ‘ಅಮ್ಮಾ, ಇದು ಕಾಣೋ ಕಡೆ ಅಲ್ಲ, ಗೆದ್ದಲು ಬರೋ ಕಡೆ’ ಅಂದರು ಆಚಾರ್ರು. ನಮ್ಮ ಬೀದಿಯಲ್ಲಿ ಗೆದ್ದಲು ವಿಪರೀತ. ಪಕ್ಕದ ಮನೆಯ ಚೌಕಟ್ಟನ್ನು ಎರಡು ಸಲ ಬದಲಾಯಿಸಿದ್ದಾರೆ. ನಮ್ಮದು ಇವತ್ತಿಗೂ ಗಟ್ಟಿ ಇದೆ.

ಬಾಗಿಲಿನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಅದರ ನಡುವಿನ ಹಲಗೆಗಳಿಗೆ ಅಂಟೂ ಇಲ್ಲ, ಮೊಳೆಯೂ ಇಲ್ಲ. ಸುತ್ತಲಿನ ಪಟ್ಟಿಗಳಲ್ಲಿ ಉದ್ದಕ್ಕೆ ಸಂದು ಕೊರೆದು ಹಲಗೆಯನ್ನು ಅದರೊಳಗೆ ಸುಮ್ನೆ ಕೂರಿಸಿದ್ದಾರೆ. ಮೊದಮೊದಲು ನನಗೆ ಇದು ಸಡಿಲ ಕೆಲಸ ಅನ್ನಿಸಿತ್ತು. ಮರ ಅಡ್ಡಗಲಕ್ಕೆ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಉದ್ದಕ್ಕೆ ಮಾತ್ರ ಅಷ್ಟಾಗಿ ಬದಲಾಗುವುದಿಲ್ಲ ಅಂತ ಆಚಾರ್ರು ವಿವರಿಸಿದರು. ಹಲಗೆಗೆ ಆಡುವುದಕ್ಕೆ ಜಾಗ ಬಿಡದೆ ಬಿಗಿದರೆ ಅದು ಸೀಳುತ್ತದೆ. ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ, ಏಪ್ರಿಲ್ ಗಾಳಿಗೆ ತುಟಿಯೇ ಒಡೆಯುತ್ತದೆ. ಅಷ್ಟು ಒಣ ಹವೆಯಲ್ಲೂ ನಮ್ಮ ಬಾಗಿಲಿನ ಹಲಗೆಯಲ್ಲಿ ಒಂದೂ ಸೀಳಿಲ್ಲ.

ಮಂಚದ ಕಥೆಯೂ ಹಾಗೇ. ಅದರ ಕೆಳಗೆ ತೂರಿ ನೋಡಿದರೆ ಕೆಲಸ ಗೊತ್ತಾಗುತ್ತದೆ. ಕಾಲಿನಲ್ಲಿ ಚೌಕ ತೂತು, ಪಕ್ಕದ ಪಟ್ಟಿಯ ತುದಿಯಲ್ಲಿ ಅದಕ್ಕೆ ಸರಿಯಾಗಿ ಕೂರುವ ನಾಲಿಗೆ. ಎರಡನ್ನೂ ಸೇರಿಸಿ ಅಡ್ಡಲಾಗಿ ಒಂದು ಬಿದಿರಿನ ಗೂಟ ಹೊಡೆದಿದ್ದಾರೆ. ಮೂರು ಮಕ್ಕಳು ಅದರ ಮೇಲೆ ಕುಣಿದಿದ್ದಾರೆ. ಎರಡು ಸಲ ಕೋಣೆ ಬದಲಾಯಿಸಿದ್ದೇವೆ. ಇವತ್ತಿಗೂ ಕಿರ್ ಅನ್ನುವುದಿಲ್ಲ. ತಲೆದಿಂಬಿನ ಕಡೆ ಒಂದು ಖಾನೆ ಇದೆ, ಅದು ಬಿಗಿಯಾದರೆ ಮೇಣದಬತ್ತಿ ಉಜ್ಜಿ ಅಂತ ಆಚಾರ್ರು ಹೇಳಿದ್ದರು. ವರ್ಷಕ್ಕೊಮ್ಮೆ ಉಜ್ಜುತ್ತೇನೆ, ಬೆರಳಲ್ಲಿ ನೂಕಿದರೆ ಸಾಕು, ಜಾರುತ್ತದೆ.

ಹೆದ್ದಾರಿಯನ್ನು ನಾಲ್ಕು ಪಥ ಮಾಡಿದಾಗ ಅಂಗಡಿಯ ಮುಂಭಾಗ ರಸ್ತೆಗೆ ಹೋಯಿತು. ಆಗಲೇ ಬಸ್ ನಿಲ್ದಾಣದ ಹಿಂದಿನ ಈಗಿನ ಜಾಗ ತೆಗೆದುಕೊಂಡಿದ್ದು. ಹಿಂದುಗಡೆ ಕೆಲಸದ ಶೆಡ್, ಮುಂದೆ ಷೋರೂಮ್. ಊರು ಬೆಳೆಯುತ್ತಿದ್ದ ಹಾಗೆ ಗಿರಾಕಿಗಳ ಬೇಡಿಕೆಯೂ ಬದಲಾಯಿತು. ಮೊದಲು ಮದುವೆ ಅಂದರೆ ಮಂಚ, ಬೀರು, ಎರಡು ಕುರ್ಚಿ. ಈಗ ಡ್ರೆಸಿಂಗ್ ಟೇಬಲ್, ಡೈನಿಂಗ್ ಟೇಬಲ್, ಟಿವಿ ಯೂನಿಟ್ ಎಲ್ಲ ಬೇಕು. ತುಂಗಭದ್ರೆಯ ನೀರನ್ನು ಪೈಪಿನಲ್ಲಿ ತಂದು ಈ ಭಾಗದ ಕೆರೆ ತುಂಬಿಸಲು ಶುರು ಮಾಡಿದ ಮೇಲಂತೂ ಅಡಿಕೆ ತೋಟದ ಜೊತೆಗೆ ಹೊಸ ಮನೆಗಳೂ ಎದ್ದಿವೆ.

ದುಡ್ಡಿನ ವಿಷಯದಲ್ಲಿ ಈ ಅಂಗಡಿಯವರು ರೈತರ ಲೆಕ್ಕ ಬಲ್ಲವರು. ಮೆಕ್ಕೆಜೋಳ ಎಪಿಎಂಸಿಗೆ ಹೋಗುವ ತನಕ ಕಾಯುತ್ತಾರೆ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದಾಗ ನಮ್ಮ ನಾದಿನಿಯ ಮದುವೆ ಹತ್ತಿರದಲ್ಲಿತ್ತು. ಮಂಚ, ಬೀರು ಪಾಲಿಶ್ ಆಗಿ ನಿಂತಿವೆ, ಕೈಯಲ್ಲಿ ಇರುವ ನೋಟು ನಡೆಯುವುದಿಲ್ಲ. ಮಾವನವರು ಕೇಳುವ ಮುಂಚೆಯೇ ಆಚಾರ್ರು ಸಾಮಾನನ್ನು ಟ್ರ್ಯಾಕ್ಟರಿಗೆ ಹೇರಿಸಿ ಕಳಿಸಿದರು. ಉದ್ರಿ ಪುಸ್ತಕದಲ್ಲಿ ಒಂದು ಸಾಲು ಬರೆದಿಟ್ಟರು, ಅಷ್ಟೇ. ಆ ಉಪಕಾರ ನಮ್ಮ ಮನೆಯಲ್ಲಿ ಯಾರೂ ಮರೆತಿಲ್ಲ.

ಈಗ ಮೂರನೇ ತಲೆಮಾರು. ಮಗ ಮತ್ತು ಸೊಸೆ ಇಬ್ಬರೂ ಅಂಗಡಿ ನೋಡಿಕೊಳ್ಳುತ್ತಾರೆ. ಸೊಸೆ ಲೆಕ್ಕ ಬರೆಯುತ್ತಾಳೆ, ಫೋನಿನಲ್ಲಿ ಡಿಸೈನ್ ತೋರಿಸುತ್ತಾಳೆ, ಅಳತೆ ತೆಗೆದುಕೊಳ್ಳಲು ಮನೆಗೂ ಬರುತ್ತಾಳೆ. ಅಡುಗೆಮನೆಯಲ್ಲಿ ಕೆಲಸ ಮಾಡಿ ಗೊತ್ತಿರುವವಳು ಅಳತೆ ತೆಗೆದರೆ ಎಷ್ಟು ವ್ಯತ್ಯಾಸ ಅಲ್ವಾ. ನನ್ನ ಎತ್ತರ ನೋಡಿ ಡಬ್ಬಿ ಇಡುವ ಶೆಲ್ಫನ್ನು ಒಂದು ಗೇಣು ಕೆಳಗೆ ಇಳಿಸಿದ್ದು ಅವಳೇ. ಮಗ ಮೆಷಿನ್ನುಗಳನ್ನು ತಂದ, ಪ್ಲೈವುಡ್ ಕೆಲಸ ಶುರು ಮಾಡಿದ. ಸಿಂಕಿನ ಹತ್ತಿರ, ಬಚ್ಚಲ ಗೋಡೆಯ ಹತ್ತಿರ ಐಎಸ್ 710 ಮುದ್ರೆ ಇರುವ ಬೋರ್ಡನ್ನೇ ಹಾಕಿಸಿಕೊಳ್ಳಿ ಅಂತ ತಾನಾಗಿಯೇ ಹೇಳುತ್ತಾನೆ, ನೀರು ತಡೆಯುವುದು ಅದು. ಉಳಿದ ಕಡೆ ಐಎಸ್ 303 ಸಾಕು ಅಂದು ನಮ್ಮ ದುಡ್ಡನ್ನೂ ಉಳಿಸುತ್ತಾನೆ.

ರಿಪೇರಿಯಲ್ಲಿ ಅಪ್ಪನ ಬುದ್ಧಿ ಮಗನಿಗೂ ಬಂದಿದೆ. ಒಂದು ಜುಲೈನಲ್ಲಿ ನಮ್ಮ ಕಪಾಟಿನ ಬಾಗಿಲು ಊದಿ ಹಾಕಲು ಬಾರದಂತಾಯಿತು. ಹುಡುಗ ಬಂದ, ನೋಡಿದ, ಮರ ಹೆರೆಯುವ ತೋಪಡವನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ‘ಅಕ್ಕಾ, ಈಗ ಹೊಡೆದರೆ ಬೇಸಿಗೇಲಿ ಬೆರಳು ತೂರುವಷ್ಟು ಸಂದು ಬೀಳುತ್ತೆ. ದೀಪಾವಳಿ ಕಳೀಲಿ, ಆಗಲೂ ಹಿಡಿದರೆ ಕರೀರಿ’ ಅಂದ. ಆ ಹೊತ್ತಿಗೆ ಮರ ಒಣಗಿ ಬಾಗಿಲು ಬಹುಪಾಲು ತಾನೇ ಸರಿಹೋಗಿತ್ತು. ಕೆಳಗಿನ ಮೂಲೆಯಲ್ಲಿ ಮಾತ್ರ ಎರಡು ಸಲ ತೋಪಡ ಎಳೆದು ಹೋದ. ದುಡ್ಡು ತೆಗೆದುಕೊಳ್ಳಲಿಲ್ಲ. ಟೀ ಕುಡಿದ.

ನನ್ನ ತಮ್ಮ ದಾವಣಗೆರೆಯಲ್ಲಿದ್ದಾನೆ. ಅವನು ಪೇಟೆಯ ಒಂದು ದೊಡ್ಡ ಷೋರೂಮಿನಿಂದ ವಾರ್ಡ್‌ರೋಬ್ ತಂದಿದ್ದ. ನೋಡಲು ಬಹಳ ಚೆಂದ. ಒಳಗಿನದು ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಚೂರನ್ನು ಅಂಟಿನ ಜೊತೆ ಒತ್ತಿ ಮಾಡಿದ ಹಲಗೆ. ದಿನಾ ನೆಲ ಒರೆಸುವ ನೀರು ತಾಗಿ ತಾಗಿ ಎರಡೇ ವರ್ಷಕ್ಕೆ ಅಡಿಭಾಗ ನೆನೆದ ರಸ್ಕಿನಂತೆ ಉಬ್ಬಿತು. ಷೋರೂಮಿನವರು ನೀರು ತಾಗಿದ್ದಕ್ಕೆ ವಾರಂಟಿ ಇಲ್ಲ ಅಂದುಬಿಟ್ಟರು. ಆಚಾರ್ರ ಮಗನಿಗೆ ಹೇಳಿದೆ. ತಮ್ಮ ಅಂಗಡಿಯ ಸಾಮಾನಲ್ಲದಿದ್ದರೂ ಹೋದ. ಕೆಟ್ಟ ಭಾಗವನ್ನು ಅಡಿಯಿಂದ ನಾಲ್ಕು ಬೆರಳು ಕತ್ತರಿಸಿ ತೆಗೆದ. ಕೊಯ್ದ ಅಂಚಿಗೆ ಅಂಟು ಬಳಿದು ಮುಚ್ಚಿದ. ಬೇವಿನ ಮರದ ಪೀಠ ಮಾಡಿ ಅದರ ಮೇಲೆ ಕೂರಿಸಿದ, ಪೀಠಕ್ಕೆ ರಬ್ಬರ್ ಬುಷ್ ಹಾಕಿದ. ಈಗ ಒರೆಸುವ ನೀರು ಬೋರ್ಡಿಗೆ ತಾಗುವುದೇ ಇಲ್ಲ. ತಮ್ಮನ ಹೆಂಡತಿ ಇನ್ನು ಏನೇ ಮಾಡಿಸಿದರೂ ಇವನ ಹತ್ತಿರವೇ ಅನ್ನುತ್ತಿದ್ದಾಳೆ.

ಮರದ ವಿಷಯದಲ್ಲಿ ಇಲ್ಲಿ ಸುಳ್ಳು ಹೇಳುವುದಿಲ್ಲ. ಇದು ದೊಡ್ಡ ಮಾತು, ಯಾಕೆಂದರೆ ತೇಗ ಅಂತ ಹೇಳಿ ಏನೇನೋ ಮಾರುವವರು ಎಲ್ಲ ಕಡೆ ಇದ್ದಾರೆ. ಪಾಲಿಶ್ ಹೊಡೆದ ಮೇಲೆ ನಮ್ಮಂಥವರಿಗೆ ಗೊತ್ತಾಗುವುದು ಕಷ್ಟ. ಆಚಾರ್ರು ಯಾವಾಗಲೂ ಪಾಲಿಶ್ ಮಾಡುವ ಮುಂಚೆ ಬಂದು ನೋಡಿ ಅನ್ನುತ್ತಾರೆ. ತೇಗದ ತಿರುಳು ಕಂದು ಬಣ್ಣ, ಕೈಯಾಡಿಸಿದರೆ ಎಣ್ಣೆ ಸವರಿದ ಹಾಗೆ, ಹೊಸದಾಗಿ ಕೊಯ್ದಾಗ ಚರ್ಮದಂಥ ವಾಸನೆ. ಅಂಚಿನಲ್ಲಿ ಇರುವ ಬಿಳಿ ಭಾಗಕ್ಕೆ ಆ ಎಣ್ಣೆಯ ಗುಣ ಇಲ್ಲ, ಹುಳು ಬೀಳುವುದು ಅಲ್ಲೇ. ಚಿಕ್ಕ ವಯಸ್ಸಿನ ಮರದಲ್ಲಿ ಬಿಳಿ ಜಾಸ್ತಿ. ಅದಕ್ಕೆ ಬಣ್ಣ ಬಳಿದು ತಿರುಳಿನ ಜೊತೆ ಸೇರಿಸಿಬಿಟ್ಟರೆ ಕಣ್ಣಿಗೆ ಕಾಣುವುದಿಲ್ಲ. ಇಲ್ಲಿ ಬಿಳಿ ಬಂದರೆ ತೋರಿಸುತ್ತಾರೆ, ಬೇಕಾದರೆ ಬೆಲೆ ಇಳಿಸಿ ಹಿಂಬದಿಗೆ ಹಾಕುತ್ತಾರೆ. ಶೆಡ್ಡಿನಲ್ಲಿ ಹಲಗೆಗಳನ್ನು ಪೇರಿಸಿರುವುದನ್ನೂ ನೋಡಿ. ಒಂದರ ಮೇಲೊಂದು ತೆಳ್ಳನೆ ಪಟ್ಟಿ ಇಟ್ಟು, ಗಾಳಿ ಆಡುವ ಹಾಗೆ, ನೆರಳಲ್ಲಿ. ಹಲಗೆಯ ತುದಿ ಬೇಗ ಒಣಗಿ ಸೀಳದಿರಲಿ ಅಂತ ಅಲ್ಲಿಗೆ ಬಣ್ಣ ಬಳಿದಿರುತ್ತಾರೆ. ಒಣಗದ ಮರವನ್ನು ಅವಸರಕ್ಕೆ ಬಳಸುವ ಜನ ಅಲ್ಲ.

ಅದೇ ಕಾರಣಕ್ಕೆ ಹೇಳಿದ ದಿನಕ್ಕೆ ಸಾಮಾನು ಸಿಗುವುದಿಲ್ಲ. ಯುಗಾದಿಗೆ ಅಂದರೆ ಬಸವ ಜಯಂತಿ ಅಂತ ಇಟ್ಟುಕೊಳ್ಳಿ. ಗೃಹಪ್ರವೇಶದ ದಿನ ಗೊತ್ತಾಗಿದ್ದರೆ ಮೂರು ತಿಂಗಳು ಮುಂಚೆ ಹೇಳಿ, ವಾರಕ್ಕೊಮ್ಮೆ ಫೋನ್ ಮಾಡಿ. ಮದುವೆ ಸೀಸನ್ನಿನಲ್ಲಂತೂ ಇನ್ನೂ ತಡ.

ಸೋಫಾ ವಿಷಯ ಹೇಳುತ್ತೇನೆ ಅಂದಿದ್ದೆ. ಚೌಕಟ್ಟು ಗಟ್ಟಿ, ಅದರಲ್ಲಿ ತಕರಾರಿಲ್ಲ. ಕುಶನ್ ಕೆಲಸ ಇವರ ಮನೆತನದ್ದಲ್ಲ, ಹೊರಗಿನವರಿಗೆ ಕೊಡುತ್ತಾರೆ. ನಮ್ಮ ಸೋಫಾದ ಫೋಮ್ ಮೂರನೇ ವರ್ಷಕ್ಕೇ ಕುಸಿಯಿತು. 40 ಡೆನ್ಸಿಟಿಯದು ಹಾಕಿ ಅಂತ ನೀವೇ ಕೇಳಬೇಕು, ಬಿಲ್ಲಿನಲ್ಲೂ ಬರೆಸಿಕೊಳ್ಳಬೇಕು. ಸ್ಪ್ರೇ ಪಾಲಿಶ್ ಕೂಡ ಪೇಟೆಯಷ್ಟು ನಯ ಬರುವುದಿಲ್ಲ. ಶೆಡ್ ಹೆದ್ದಾರಿಗೆ ಹತ್ತಿರ, ಲಾರಿಗಳ ದೂಳು ಹಸಿ ಪಾಲಿಶ್ ಮೇಲೆ ಕೂರುತ್ತದೆ. ನಮ್ಮ ಡೈನಿಂಗ್ ಟೇಬಲ್ ಮೇಲೆ ಕೈಯಾಡಿಸಿದರೆ ಒಂದು ಮೂಲೆಯಲ್ಲಿ ಮರಳಿನ ಕಣ ಸಿಗುತ್ತದೆ. ಅರಗಿನ ಕೈ ಪಾಲಿಶ್ ಮಾಡಿಸಿದರೆ ಈ ತೊಂದರೆ ಕಡಿಮೆ, ಆದರೆ ಅದರ ಮೇಲೆ ಬಿಸಿ ಪಾತ್ರೆ ಇಡಬಾರದು. ಇನ್ನು ವಾರಂಟಿ ಎಲ್ಲ ಬಾಯಿಮಾತೇ. ನನಗೆ ಅವರ ಮಾತು ಸಾಕು, ಹೊಸಬರು ಬರೆಸಿಕೊಳ್ಳುವುದು ಒಳ್ಳೆಯದು. ಬೆಲೆಗೆ 18% ಜಿಎಸ್‌ಟಿ ಸೇರಿದೆಯೋ ಇಲ್ಲವೋ ಮೊದಲೇ ಕೇಳಿ.

ಬೆಲೆ ಪೇಟೆಯ ರೆಡಿಮೇಡ್‌ಗಿಂತ ಜಾಸ್ತಿಯೇ. ಅಷ್ಟೇ ಗಟ್ಟಿ ಮರದ ಸಾಮಾನಿಗೆ ಹೋಲಿಸಿದರೆ ಕಡಿಮೆ. ಸಾಗಾಣಿಕೆ ಸುತ್ತಲಿನ ಹಳ್ಳಿಗಳಿಗೆ ಪುಕ್ಕಟೆ, ಚಿತ್ರದುರ್ಗ, ದಾವಣಗೆರೆಗೆ ಗಾಡಿ ಬಾಡಿಗೆ ಕೊಡಬೇಕು.

ಒಂದು ವಿಷಯಕ್ಕೆ ನನಗೆ ಚಿಂತೆ ಇದೆ. ಉಳಿ ಹಿಡಿದು ಕೂಡು, ಅಂದರೆ ನಮ್ಮ ಮಂಚದಲ್ಲಿರುವಂಥ ತೂತು-ನಾಲಿಗೆಯ ಜೋಡಣೆ, ಕೊರೆಯುವವರು ಈಗ ಅಂಗಡಿಯಲ್ಲಿ ಆಚಾರ್ರು ಮತ್ತು ಒಬ್ಬ ಹಳೆಯ ಕೆಲಸಗಾರ, ಇಬ್ಬರೇ. ಹೊಸ ಹುಡುಗರು ಸ್ಕ್ರೂ, ಲ್ಯಾಮಿನೇಟ್ ಕೆಲಸಕ್ಕೆ ಬರುತ್ತಾರೆ, ಕೂಡು ಕಲಿಯುವ ತಾಳ್ಮೆ ಇಲ್ಲ. ಪೇಟೆಯಲ್ಲಿ ಇಂಟೀರಿಯರ್ ಕೆಲಸಕ್ಕೆ ಬೇಗ ದುಡ್ಡು ಸಿಗುತ್ತದೆ, ಅವರನ್ನೂ ತಪ್ಪು ಅನ್ನಲಾಗದು. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳಿಗೆ ತರಬೇತಿ, ಉಪಕರಣಕ್ಕೆ 15,000 ರೂಪಾಯಿ, ಕಡಿಮೆ ಬಡ್ಡಿಯ ಸಾಲ ಎಲ್ಲ ಇದೆ. ಉಪಕರಣವೇನೋ ಬರುತ್ತದೆ, ಆಚಾರ್ರ ಪಕ್ಕ ವರ್ಷಗಟ್ಟಲೆ ಕೂರುವ ಹುಡುಗ ಬೇಕಲ್ಲ. ಗಟ್ಟಿ ಮರದ ಮಂಚ, ತೊಟ್ಟಿಲು, ದೇವರ ಮಂಟಪ ಮಾಡಿಸುವ ಆಸೆ ಇರುವವರು ಆಚಾರ್ರ ಕೈ ಗಟ್ಟಿ ಇರುವಾಗಲೇ ಮಾಡಿಸಿಕೊಳ್ಳಿ ಅಂತ ನನ್ನ ಸಲಹೆ.

ನನ್ನ ಲೆಕ್ಕದಲ್ಲಿ ಮರದ ಕೆಲಸಕ್ಕೆ ಐದಕ್ಕೆ ಐದು, ರಿಪೇರಿಗೆ ಐದಕ್ಕೆ ಐದು, ಹೇಳಿದ ದಿನಕ್ಕೆ ಕೊಡುವುದಕ್ಕೆ ಎರಡು. ಮೇಲಿನ ಅಂತಸ್ತಿನ ಎರಡು ಕೋಣೆಗೆ ಬಾಗಿಲು, ಮಗಳಿಗೆ ಒಂದು ಪುಸ್ತಕದ ಕಪಾಟು ಹೇಳಿಬಂದಿದ್ದೇವೆ. ಸೋಫಾ ಮಾತ್ರ ಈ ಸಲ ಬೇರೆ ಕಡೆ ನೋಡುತ್ತಿದ್ದೇವೆ, ಆಚಾರ್ರಿಗೂ ಅದನ್ನು ಹೇಳಿದ್ದೇವೆ.